ಖಾಲಿ ಬಿಂದಿಗೆಯ ದಾರಿ

ಕಾರೇಗುಡ್ಡಕ್ಕೆ ಬೆಂಕಿ ಬಿದ್ದರೆ ಓಡಬೇಕಾದವರು ಕೇರಿಯವರು. ಇದನ್ನು ಯಾರೂ ಬರೆದಿಟ್ಟಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ. ಗುಡ್ಡ ಸರ್ಕಾರದ್ದು, ಗುಡ್ಡದ ಕೆಳಗಿನ ಹೊಲ ಪಟೇಲರದ್ದು, ಗುಡ್ಡದ ಹುಲ್ಲು ಊರ ದನಗಳದ್ದು. ಬೆಂಕಿ ಮಾತ್ರ ಮಾದಿಗರದ್ದು.

ಐವತ್ತೆಂಟನೇ ಇಸವಿ. ಯುಗಾದಿ ಇನ್ನೂ ಬಂದಿರಲಿಲ್ಲ, ಆಗಲೇ ಗುಡ್ಡ ನಾಲ್ಕು ಸಲ ಉರಿದಿತ್ತು. ಬನಶಂಕರಿ ಗುಡಿ ದಾಟಿ ಕನಕಪುರದ ರಸ್ತೆ ಹಿಡಿದರೆ ಆಗ ಎರಡೂ ಕಡೆ ಲಂಟಾನದ ಪೊದೆ, ಕಾರೆಮುಳ್ಳು, ಮೊಳಕಾಲುದ್ದದ ಒಣಹುಲ್ಲು. ದೀಪಾವಳಿಯಿಂದ ಈಚೆಗೆ ಒಂದು ಹನಿ ಬಿದ್ದಿರಲಿಲ್ಲ. ದಾರಿಹೋಕ ಬೀಡಿ ಸೇದಿ ಎಸೆದರೂ ಸಾಕು, ಗುಡ್ಡ ಹೊತ್ತಿಕೊಳ್ಳುತ್ತಿತ್ತು. ಗುಡ್ಡದ ಬುಡದಲ್ಲಿ ಹೊಂಗೇಪಾಳ್ಯ. ಹೊಂಗೇಪಾಳ್ಯದ ಆಚೆ ತುದಿಯಲ್ಲಿ, ಗಾಳಿ ಊರಿನಿಂದ ಕೇರಿಗೆ ಬೀಸುವಂತೆ, ಕೇರಿಯಿಂದ ಊರಿಗೆ ಬೀಸದಂತೆ ಲೆಕ್ಕ ಹಾಕಿ ಕಟ್ಟಿಸಿದ ಇಪ್ಪತ್ತೆರಡು ಗುಡಿಸಲು.

ಹೊಗೆ ಕಂಡ ಕೂಡಲೆ ಗುಂಡಣ್ಣ ತಮಟೆ ಬಡಿಯಬೇಕು. ತಮಟೆ ಕೇಳಿದ ಕೂಡಲೆ ಕೇರಿಯ ಗಂಡಸು ಹೆಂಗಸು ಹಸಿ ಹೊಂಗೆ ಕೊಂಬೆ ಮುರಿದುಕೊಂಡು ಓಡಬೇಕು. ಕೊಂಬೆಯಿಂದ ಬೆಂಕಿಯನ್ನು ಬಡಿಯಬೇಕು. ಬಡಿದರೆ ಕಿಡಿ ಮುಖಕ್ಕೆ ಬರುತ್ತದೆ. ಬಡಿಯದಿದ್ದರೆ ಬೆಂಕಿಯೇ ಬರುತ್ತದೆ. ಕಾಲಿಗೆ ಮೆಟ್ಟಿಲ್ಲ. ಊರಿಗೆಲ್ಲ ಮೆಟ್ಟು ಹೊಲಿಯುವವರ ಕಾಲಿಗೆ ಮೆಟ್ಟಿರಬಾರದೆಂಬುದೂ ಬರೆದಿಡದ ಇನ್ನೊಂದು ಕಾನೂನು.

ಗುಂಡಣ್ಣನ ಹೆಂಡತಿ ಮುನಿಲಕ್ಷ್ಮಮ್ಮ. ಆಗ ಜಯನಗರದಲ್ಲಿ ಹೊಸ ಬೀದಿಗಳು ಬೀಳುತ್ತಿದ್ದವು. ಆ ಬೀದಿಗಳಿಗೆ ಜಲ್ಲಿ ಒಡೆಯಲು ಅವಳು ಕೋಳಿ ಕೂಗುವ ಹೊತ್ತಿಗೆ ಎದ್ದು ನಡೆಯುತ್ತಿದ್ದಳು. ದಿನವಿಡೀ ಸುತ್ತಿಗೆ. ಅಂಗೈ ಕಲ್ಲಾಗಿತ್ತು, ನಾಲಿಗೆ ಮಾತ್ರ ಮೆತ್ತಗೆ ಹರಿತವಾಗಿತ್ತು. ಅವಳ ನಾಲಿಗೆಗೆ ಊರು ಹೆದರುತ್ತಿತ್ತು ಎಂದರೆ ಸುಳ್ಳಾದೀತು. ಊರು ಯಾರಿಗೂ ಹೆದರುತ್ತಿರಲಿಲ್ಲ. ಹೆದರುತ್ತಿದ್ದುದು ಕೇರಿ. ಈ ಹೆಂಗಸು ಏನು ಅಂದುಬಿಡುತ್ತಾಳೋ, ಅದರ ಏಟು ಯಾರ ಬೆನ್ನಿಗೆ ಬೀಳುತ್ತದೋ ಎಂದು.

ನಾಲ್ಕನೆಯ ಬೆಂಕಿ ಆರಿದ ದಿನ ಅವಳ ಎರಡೂ ಪಾದ ಬೊಬ್ಬೆ ಎದ್ದಿದ್ದವು. ಕೇರಿಯ ಕುಂಟೆ ಶಿವರಾತ್ರಿಗೇ ಬತ್ತಿ ಬಿರಿದಿತ್ತು. ಇನ್ನು ನೀರೆಂದರೆ ಊರ ಬಾವಿ. ಊರ ಬಾವಿಯೆಂದರೆ ಕಾಯುವುದು. ಕಟ್ಟೆಯಿಂದ ಎಂಟು ಹೆಜ್ಜೆ ಆಚೆ ಒಂದು ಚಪ್ಪಡಿ. ಆ ಚಪ್ಪಡಿಯ ಹತ್ತಿರ ಮಡಕೆ ಇಟ್ಟು ನಿಲ್ಲಬೇಕು. ಊರ ಹೆಂಗಸರು ಬಂದು, ತಮಗೆ ಸೇದಿಕೊಂಡು, ಮನಸ್ಸು ಬಂದರೆ ಒಂದು ಬಿಂದಿಗೆ ಮೇಲಿನಿಂದ ಹೊಯ್ಯುತ್ತಾರೆ. ಮನಸ್ಸು ಬರದಿದ್ದರೆ ಬಿಸಿಲು ಇದ್ದೇ ಇದೆ, ನಿಂತಿರಬಹುದು.

ಅವತ್ತು ಬಂದವಳು ಅಕ್ಕಯಮ್ಮ, ಪಟೇಲ ಚಿಕ್ಕಬೈರಪ್ಪನ ತಾಯಿ.

"ಅವ್ವಾರೆ, ಒಸಿ ನೀರು ಹೊಯ್ರವ್ವ. ಬೆಳಗಿಂದ ನಿಮ್ ಹೊಲದ ಬದೀಲೇ ಬಡ್ದು ಬಡ್ದು ಗಂಟ್ಲು ಒಣಗೋಗೈತೆ."

"ಆಚೆ ನಿಂತ್ಕೊಳೆ. ಹೊಗೆ ನಾತ ಮೂಗಿಗೆ ಹೊಡೀತೈತೆ."

"ಬೆಂಕೀನ ಗಂಧ ಹಚ್ಕೊಂಡು ಬಡಿಯಕ್ಕಾಯ್ತದಾ ಅವ್ವಾರೆ."

ಅಕ್ಕಯಮ್ಮ ಬಿಂದಿಗೆಯನ್ನು ಭುಜದೆತ್ತರಕ್ಕೆ ಎತ್ತಿ ಹೊಯ್ದಳು. ಎತ್ತರದಿಂದ ಬಿದ್ದ ನೀರು ಮಡಕೆಯ ಬಾಯಿ ಬಿಟ್ಟು ಮಿಕ್ಕೆಲ್ಲ ಕಡೆ ಬಿತ್ತು. ಒಂದಿಷ್ಟು ಚಪ್ಪಡಿಗೆ ಬಡಿದು ಹಾರಿ ಅಕ್ಕಯಮ್ಮನ ಸೀರೆಯ ಅಂಚಿಗೆ ಸಿಡಿಯಿತು. "ಥೂ, ಮುಟ್ಟುಚಿಟ್ಟಾಯ್ತು" ಎಂದು ಅವಳು ಉಳಿದ ನೀರನ್ನು ಮಣ್ಣಿಗೆ ಚೆಲ್ಲಿ ಸ್ನಾನಕ್ಕೆ ನಡೆದಳು. ಮಡಕೆಯ ತಳದಲ್ಲಿ ಒಂದು ಬೊಗಸೆ ನೀರಿತ್ತು. ಮುನಿಲಕ್ಷ್ಮಮ್ಮ ಅದನ್ನು ಕುಡಿಯಲಿಲ್ಲ. ಮನೆಗೆ ಒಯ್ದು ಮಗಳಿಗೆ ಕೊಟ್ಟಳು. ಮಗಳು ಅರ್ಧ ಕುಡಿದು ಅರ್ಧ ತಾಯಿಗೆ ಚಾಚಿದಳು.

ಕಟ್ಟೆಯ ಮೇಲೆ ಹಗ್ಗ ಸುರುಳಿ ಸುತ್ತಿಕೊಂಡು ಬಿದ್ದಿರುತ್ತಿತ್ತು. ಹೋದ ಬೇಸಿಗೆಯಲ್ಲಿ ಗುಂಡಣ್ಣ ಆ ಹಗ್ಗ ಮುಟ್ಟಿದ್ದ. ಸೇದಲಿಲ್ಲ, ಮುಟ್ಟಿದ್ದಷ್ಟೆ. ಪಟೇಲರು ಬೇವಿನ ಮರಕ್ಕೆ ಕಟ್ಟಿಸಿ ಹುಣಿಸೆ ಬರಲಿನಲ್ಲಿ ಹೊಡೆಸಿದರು. ಏಳು ಬಾಸುಂಡೆ. ಮಾರನೆಯ ದಿನ ಅದೇ ಪಟೇಲರ ತೋಟದ ಬಾವಿಯಲ್ಲಿ ಎತ್ತು ಕಟ್ಟಿ ನೀರೆತ್ತುವ ಕಪಿಲೆಯ ಚರ್ಮದ ಬಾನಿ ಹರಿದಿತ್ತು. ಅದೇ ಬೆನ್ನು ಬಗ್ಗಿಸಿ, ಅದೇ ಕೈಯಲ್ಲಿ ಗುಂಡಣ್ಣ ಅದನ್ನು ಹೊಲಿದು ಕೊಟ್ಟ. ಬಾನಿ ಬಾವಿಗಿಳಿದು ನೀರು ತಂದಿತು. ತೋಟ ಕುಡಿಯಿತು. ಬಾನಿಗೆ ಯಾರೂ ಹೊಡೆಯಲಿಲ್ಲ.

ಆ ಹಗ್ಗ ತನ್ನ ಕೈಗೆ ಬರಬೇಕು. ಮುನಿಲಕ್ಷ್ಮಮ್ಮನಿಗೆ ಬೇರೆ ಆಸೆ ಇರಲಿಲ್ಲ.

*

ಬೆಂಕಿ ಹೀಗೆ ನಾಲ್ಕು ಸಲ ಬಿದ್ದದ್ದು ತಾಲ್ಲೂಕು ಕಚೇರಿಗೆ ತಲುಪಿತು. ಅಲ್ಲಿಂದ ಒಂದು ಸರ್ಕ್ಯುಲರ್ ಹೊರಟಿತು. ಸರ್ಕ್ಯುಲರ್ ಹಿಡಿದುಕೊಂಡು ಶೇಕ್ದಾರ್ ಸೇತುರಾಮ ಸೈಕಲ್ಲಿನಲ್ಲಿ ಹೊಂಗೇಪಾಳ್ಯಕ್ಕೆ ಬಂದ. ಕನ್ನಡಕ, ಕೋಟು, ಕೋಟಿನೊಳಗೆ ಬೆವರು. ಮನುಷ್ಯ ಕೆಟ್ಟವನಲ್ಲ. ಕಾಗದದಲ್ಲಿ ಇದ್ದದ್ದು ಲೋಕದಲ್ಲಿ ಇರಲೇಬೇಕು ಎಂದು ನಂಬಿದವನು, ಅಷ್ಟೆ.

"ಪ್ರತಿ ಗ್ರಾಮದಲ್ಲೂ ಬೆಂಕಿ ದಳ ಆಗ್ಬೇಕು ಪಟೇಲ್ರೆ. ಬಾವಿಯಿಂದ ಬೆಂಕಿ ತನಕ ಜನ ಸಾಲಾಗಿ ನಿಲ್ಲೋದು. ಕೈಯಿಂದ ಕೈಗೆ ನೀರು ದಾಟ್ಸೋದು. ಊರಿಗೆ ಊರೇ ಒಂದು ಸಾಲು! ಇವತ್ತು ಡ್ರಿಲ್ ಮಾಡೋಣ."

ಪಟೇಲರ ಕಣದಲ್ಲಿ ಮೂರು ಬಣವೆ. ಎರಡು ಹುಲ್ಲಿನದು, ಒಂದು ಇನ್ನೂ ಬಡಿಯದ ರಾಗಿ ತೆನೆಯದು. ಬಾವಿಯಿಂದ ಆ ಕಣದವರೆಗೆ ಸಾಲು ನಿಂತಿತು. ಬಾವಿಯ ಕಡೆ ಊರಿನವರು. ಬೆಂಕಿ ಬರುವ ಕಡೆ ಕೇರಿಯವರು. ಹಾಗೆ ನಿಲ್ಲಿ ಎಂದು ಯಾರೂ ಹೇಳಲಿಲ್ಲ. ನೀರು ತಗ್ಗಿಗೆ ಹರಿದ ಹಾಗೆ ಅವರವರು ಅವರವರ ಜಾಗಕ್ಕೆ ಹೋಗಿ ನಿಂತರು.

ತೊಡಕು ಬಂದದ್ದು ನಡುವೆ. ಊರಿನ ಕೊನೆಯ ಕೈ ಪಟೇಲರ ತಮ್ಮ ಬೈರಣ್ಣನದು. ಕೇರಿಯ ಮೊದಲ ಕೈ ಮುನಿಲಕ್ಷ್ಮಮ್ಮನದು. ಬೈರಣ್ಣ ಬಿಂದಿಗೆ ಹಿಡಿದು ಕಲ್ಲಾಗಿ ನಿಂತ.

"ಕೊಡಪ್ಪ" ಎಂದ ಶೇಕ್ದಾರ.

"ಯಾರಿಗ್ ಸಾರ್?"

ಶೇಕ್ದಾರ ಸರ್ಕ್ಯುಲರ್ ನೋಡಿದ. ಅದರಲ್ಲಿ 'ಕೈಯಿಂದ ಕೈಗೆ' ಎಂದಿತ್ತು, ಯಾರ ಕೈ ಎಂದಿರಲಿಲ್ಲ. ಪಟೇಲ ಮೀಸೆ ತೀಡುತ್ತಿದ್ದ. ಶೇಕ್ದಾರ ಕೊನೆಗೆ ಒಂದು ಉಪಾಯ ಮಾಡಿದ. ಸುಣ್ಣ ತರಿಸಿ ನೆಲದ ಮೇಲೆ ಒಂದು ಗೆರೆ ಹಾಕಿಸಿದ. ಬೈರಣ್ಣ ಬಿಂದಿಗೆಯನ್ನು ಗೆರೆಯ ಮೇಲೆ ಇಟ್ಟು ಮೂರು ಹೆಜ್ಜೆ ಹಿಂದೆ ಸರಿಯುವುದು. ಮುನಿಲಕ್ಷ್ಮಮ್ಮ ಬಂದು ಎತ್ತಿಕೊಳ್ಳುವುದು. ಎಲ್ಲರಿಗೂ ಒಪ್ಪಿಗೆಯಾಯಿತು. ಒಂದು ಬಿಂದಿಗೆ ಬಾವಿಯಿಂದ ಹೊರಟು, ಗೆರೆಯಲ್ಲಿ ಕೂತು ಎದ್ದು, ಕಣ ತಲುಪಿತು. ನೀರು ಸುಮ್ಮನೆ ಏಕೆ ಹಾಳು ಎಂದು ಬಿಂದಿಗೆಯಲ್ಲಿ ನೀರು ಹಾಕಿರಲಿಲ್ಲ. ಶೇಕ್ದಾರ ಚಪ್ಪಾಳೆ ತಟ್ಟಿದ. ಡ್ರಿಲ್ ಮುಗಿಯಿತು.

ಮುನಿಲಕ್ಷ್ಮಮ್ಮ ಆ ಬಿಂದಿಗೆಯನ್ನೇ ನೋಡುತ್ತ ನಿಂತಿದ್ದಳು.

"ಸಾಮಿ, ಒಂದ್ ಮಾತು. ತುಂಬಿದ್ ಬಿಂದ್ಗೆ ಇಂಗ್ ಬತ್ತದೆ ಸರಿ. ಖಾಲಿ ಬಿಂದ್ಗೆ ಅಂಗೆ ಎಂಗ್ ಓಯ್ತದೆ?"

"ಏನಮ್ಮಾ?"

"ನಾವ್ ಮುಟ್ಟಿದ್ ಬಿಂದ್ಗೆ ತಿರ್ಗಾ ಬಾವಿಗ್ ಇಳೀಬೋದಾ ಅಂತ."

ಪಟೇಲ ಗದರಿದ. "ಲೇ ಗುಂಡ, ನಿನ್ ಎಂಡ್ರು ಬಾಯ್ಗೆ ಒಂದ್ ಹೊಲಿಗೆ ಹಾಕ್ಲಾ. ಸರ್ಕಾರದೋರ್ ಮುಂದೆ ಅಧಿಕಪ್ರಸಂಗ."

"ಇದು ಸರ್ಕ್ಯುಲರ್‌ನಲ್ಲಿ ಇಲ್ಲಮ್ಮ" ಎಂದ ಶೇಕ್ದಾರ, ಸೈಕಲ್ಲು ಹತ್ತುತ್ತ.

ಮುನಿಲಕ್ಷ್ಮಮ್ಮ ತಲೆ ತಗ್ಗಿಸಿದಳು. ಊರಿಗೆ ಅದು ವಿನಯವಾಗಿ ಕಂಡಿತು. ಹತ್ತಿರ ನಿಂತಿದ್ದ ಗುಂಡಣ್ಣನಿಗೆ ಮಾತ್ರ ಹೆಂಡತಿಯ ಭುಜ ಕುಲುಕುತ್ತಿರುವುದು ಕಾಣಿಸಿತು. ಅವಳು ನಗುತ್ತಿದ್ದಳು.

"ಏನಮ್ಮಿ ನಗ್ತೀಯ?"

"ಇಡೀ ಊರಲ್ಲಿ ಎಷ್ಟು ಬಿಂದ್ಗೆ ಅವೆ ಹೇಳು. ಅಷ್ಟ್ ಬಿಂದ್ಗೆ ನೀರು ಕುಡ್ಕೊಂಡು ಬೆಂಕಿ ಸುಮ್ಕಾದ್ರೆ ಒಳ್ಳೇದು. ಇಲ್ದಿದ್ರೆ ನಮ್ ಪುಣ್ಯ."

*

ಒಂಬತ್ತನೆಯ ದಿನ ಮಟಮಟ ಮಧ್ಯಾಹ್ನ ಬೆಂಕಿ ಬಿತ್ತು. ಈ ಸಲ ಗಾಳಿ ಗುಡ್ಡದಿಂದ ಊರ ಕಡೆಗಿತ್ತು.

ಕೊಂಬೆಯಲ್ಲಿ ಬಡಿದು ನಿಲ್ಲಿಸುವ ಬೆಂಕಿಯಲ್ಲ ಅದು. ಲಂಟಾನ ಪಟಪಟ ಸಿಡಿಯುತ್ತಿತ್ತು. ಮೊಲಗಳು, ಹಾವುಗಳು, ಒಂದು ನರಿ, ಎಲ್ಲವೂ ಪಟೇಲರ ಹೊಲದ ಮೇಲೆ ಜಾತಿಗೀತಿ ನೋಡದೆ ಒಟ್ಟಿಗೆ ಓಡಿದವು. ಗುಂಡಣ್ಣ ತಮಟೆ ಬಡಿದ. ಜಲ್ಲಿ ಒಡೆಯಲು ಹೋಗುವವರು ಆ ದಿನ ಸದ್ಯ ಊರಲ್ಲೇ ಇದ್ದರು, ಅಮಾವಾಸ್ಯೆಯ ರಜ. ಸರ್ಕ್ಯುಲರಿನ ಪ್ರಕಾರ ಎಲ್ಲ ಸರಿಯಾಗಿದೆಯೇ ನೋಡಲು ಬಂದಿದ್ದ ಶೇಕ್ದಾರ ಸೇತುರಾಮನೂ ಅಲ್ಲೇ ಇದ್ದ. ಪಟೇಲರ ಆಳನ್ನು ಅವನು ತನ್ನ ಸೈಕಲ್ಲಿನಲ್ಲೇ ಬೆಂಗಳೂರಿಗೆ ಓಡಿಸಿದ, ಬೆಂಕಿ ಬಂಡಿ ಕರೆದುಕೊಂಡು ಬಾ ಎಂದು. ಆಮೇಲೆ ಕೂಗಿದ, "ಸಾಲು! ಎಲ್ರೂ ಸಾಲು!"

ಸಾಲು ನಿಂತಿತು. ಸುಣ್ಣದ ಗೆರೆ ಮಾಸಿತ್ತು. ಬೆಂಕಿ ಬರುತ್ತಿರುವಾಗಲೂ ಯಾರೋ ಹೊಸದಾಗಿ ಹಾಕಿದರು.

ಬಿಂದಿಗೆ ಬಂದವು. ಹಿತ್ತಾಳೆಯವು, ತಾಮ್ರದವು, ಬಕೀಟು, ತಪ್ಪಲೆ, ಕೊಳಗ. ಬೈರಣ್ಣ ಇಟ್ಟು ಸರಿದ, ಮುನಿಲಕ್ಷ್ಮಮ್ಮ ಎತ್ತಿ ಹಿಂದಕ್ಕೆ ಕೊಟ್ಟಳು, ಕಣದ ಅಂಚಿನಲ್ಲಿ ಗುಂಡಣ್ಣ ಮತ್ತು ಹುಡುಗರು ಬಣವೆಯ ಮೇಲೆ ಎರಚಿದರು. ಮೊದಲ ಬಣವೆ ನೆನೆಯಿತು. ಅವಳ ರಟ್ಟೆ ಕಿತ್ತು ಬರುವಂತಾಯಿತು. ಬೊಬ್ಬೆ ಒಡೆದ ಪಾದದ ಕೆಳಗೆ ಗಾಳಿಗೆ ಹಾರಿಬಂದ ಬೂದಿ ಬಿಸಿಯಾಗಿತ್ತು. ಖಾಲಿ ಪಾತ್ರೆಗಳು ಅವಳ ಬೆನ್ನ ಹಿಂದೆ ರಾಶಿ ಬೀಳತೊಡಗಿದವು. ಆಮೇಲೆ ಅಕ್ಕಯಮ್ಮನ ಮದುವೆಯ ದೊಡ್ಡ ಕೊಳದಪ್ಪಲೆ ಬಂತು. ಆಮೇಲೆ ಗುಡಿಯ ತಂಬಿಗೆ. ಆಮೇಲೆ ಏನೂ ಬರಲಿಲ್ಲ.

"ನೀರು! ನೀರು!" ಕಣದ ಕಡೆಯಿಂದ ಕೂಗು.

ಬಾವಿಯ ಕಡೆಯಿಂದಲೂ ಕೂಗು. "ಬಿಂದ್ಗೆ! ಬಿಂದ್ಗೆ ಎಲ್ಲೋ?"

ಪಟೇಲ ಓಡಿಬಂದ. ಗೆರೆಯ ಈಚೆ ನಿಂತು ನೋಡಿದ. ಹೊಂಗೇಪಾಳ್ಯದ ಪಾತ್ರೆಯೆಲ್ಲ ಕೇರಿಯ ಕಡೆ ಮಲಗಿತ್ತು.

"ಕಳ್ಸ್ರೇ ಅದ್ನೆಲ್ಲ!"

"ಎಂಗ್ ಬುದ್ಧಿ?" ಮುನಿಲಕ್ಷ್ಮಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ಮುಟ್ಬುಟ್ಟಿದ್ದೀವಲ್ಲ."

ಬೈರಣ್ಣ ಬಾಯಿ ಹಾಕಿದ. "ಹುಣಿಸೆಹಣ್ಣು ಹಾಕಿ ಬೆಳಗಿದ್ರೆ ಆಯ್ತದೆ ಅಣ್ಣ."

"ಓಗಿ ತನ್ನಿ ಬುದ್ಧಿ, ಹುಣಿಸೆಹಣ್ಣು. ಬಣವೆ ಕಾಯ್ಕೊಂಡಿರ್ತದೆ" ಎಂದಳು ಅವಳು. "ಇಲ್ದಿದ್ರೆ ಹಿತ್ತಾಳೆ ಬೆಂಕಿಗ್ ತೋರ್ಸಿದ್ರೆ ಮಡಿ ಅಂತೀರಲ್ಲ. ಎದುರ್ಗೇ ಬತ್ತಾ ಐತೆ ಬೆಂಕಿ. ಒಂದೊಂದೇ ತಕ್ಕೊಂಡೋಗಿ ತೋರ್ಸಿ."

ಎರಡನೆಯ ಬಣವೆಯ ನೆತ್ತಿಗೆ ಕಿಡಿ ಹಾರಿತು.

ಆಗ ಅವಳು ಮಾಡಿದ ಕೆಲಸವನ್ನು ಕೇರಿ ಇಂದಿಗೂ ನೆನೆಸಿಕೊಳ್ಳುತ್ತದೆ. ಅಕ್ಕಯಮ್ಮನ ಕೊಳದಪ್ಪಲೆಯನ್ನು ಕವುಚಿ ಹಾಕಿ, ಅದರ ಮೇಲೆ ಕೂತಳು. ಅದು ಅವಳ ಜೀವಮಾನದಲ್ಲಿ ಊರಿನವರ ಮುಂದೆ ಕೂತ ಮೊದಲ ಸಲ.

"ಎದ್ದೇಳೆ! ಬಡಿರೋ ಬೆಂಕಿನ!"

"ಬಡಿಯಲ್ಲ ಬುದ್ಧಿ."

"ಏನಂದೆ?"

"ಬಡಿಯಲ್ಲ ಅಂದೆ. ಇದೇ ಕೈಯಿ ನಾಕ್ ಸಲ ಬಡ್ದದೆ. ನೀರ್ ಕೇಳ್ದಾಗ ಹೊಗೆ ನಾತ ಅಂದ್ರಿ. ನಮ್ಗೆ ನೀರಿಲ್ಲ, ನಿಮ್ ಹುಲ್ಗೆ ನೀರು ಬೇಕಾ? ನಾವ್ ಬಾವಿಗ್ ಬತ್ತೀವಿ. ನಾವೂ ಸೇದ್ತೀವಿ. ಹೂಂ ಅನ್ನಿ, ಎದ್ದೇಳ್ತೀನಿ. ಊಹೂಂ ಅನ್ನಿ, ಇಲ್ಲೇ ಕುಂತು ನಿಮ್ ಬಣವೆ ಬೆಂಕೀಲಿ ಚಳಿ ಕಾಯಿಸ್ಕೊತೀನಿ."

ಕೇರಿಯ ಮುದುಕರು ಹಿಂದಿನಿಂದ ಸೆರಗು ಜಗ್ಗಿದರು. "ಬ್ಯಾಡ ಕಣವ್ವ, ನಾಳೆ ನಮ್ಮನ್ನ ಉಳಿಸ್ತಾರಾ?" ಬೇವಿನ ಮರ ಅಲ್ಲಿಂದಲೂ ಕಾಣುತ್ತಿತ್ತು. ಅವಳು ಮರದ ಕಡೆ ನೋಡಲಿಲ್ಲ. ಕೊಳದಪ್ಪಲೆಯ ಮೇಲೆ ಇನ್ನೂ ಸ್ವಲ್ಪ ಹಿಂದೆ ಸರಿದು ಚೆನ್ನಾಗಿ ಕೂತಳು. ಅವಳ ಪಕ್ಕದ ಹೆಂಗಸೂ ಒಂದು ತಪ್ಪಲೆ ಕವುಚಿದಳು. ಅವಳ ಪಕ್ಕದವಳು ಒಂದು ಬಕೀಟು. ಟಣ್, ಟಣ್, ಟಣ್. ಕೇರಿ ಪೂರ್ತಿ ಊರಿನ ಪಾತ್ರೆಗಳ ಮೇಲೆ ಕೂತಿತು.

ಪಟೇಲ ಶೇಕ್ದಾರನನ್ನು ನೋಡಿದ. ಶೇಕ್ದಾರ ಕನ್ನಡಕ ತೆಗೆದು ಒರೆಸಿದ. "ಕಾನೂನೂ ಹಾಗೇ ಹೇಳುತ್ತೆ ಪಟೇಲ್ರೆ, ಊರ ಬಾವಿ ಎಲ್ರದ್ದೂ ಅಂತ. ಮೂರು ವರ್ಷ ಆಯ್ತು ಬಂದು. ನಾನು ಅದನ್ನ... ಸಂದರ್ಭ ನೋಡಿ ಹೇಳೋಣ ಅಂತಿದ್ದೆ."

ಎರಡನೆಯ ಬಣವೆ ಬುಸ್ಸೆಂದು ಹೊತ್ತಿಕೊಂಡಿತು. ಮೂರನೆಯದು ರಾಗಿ ತೆನೆ. ವರ್ಷದ ಊಟ.

"ಬರ್ರೋ! ಬಂದು ಸೇದ್ರೋ, ಹಾಳಾಗ್ ಹೋಗಿ!" ಎಂದ ಪಟೇಲ.

"ಇಂಗಲ್ಲ ಬುದ್ಧಿ. ತಮಟೇಲಿ ಹೇಳ್ಸಿ."

ತಮಟೆಯಲ್ಲಿ ಹೇಳಿದ್ದು ಊರಿನ ಮಾತು. ಕಂದಾಯ ಕಟ್ಟುವ ದಿನ, ಜಾತ್ರೆಯ ದಿನ, ಯಾರನ್ನು ಊರಾಚೆ ಹಾಕಿದರೆಂಬುದು, ಎಲ್ಲವೂ ತಮಟೆಯಲ್ಲೇ. ತಮಟೆಯಲ್ಲಿ ಸಾರಿದ್ದನ್ನು ಪಟೇಲರೂ ಬಾಯಿಮಾತಿನಲ್ಲಿ ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ.

"ಹೊಡ್ಸ್ಕೊಂಡ್ ಸಾಯಿ! ಲೋ ಗುಂಡ!"

ಗುಂಡಣ್ಣ ಅಲ್ಲಾಡಲಿಲ್ಲ. ಏಕೆಂದರೆ ಹೆಂಡತಿ ಕೈ ಎತ್ತಿ ತಡೆದಿದ್ದಳು. "ಗುಂಡಣ್ಣ ಅನ್ನಿ ಬುದ್ಧಿ. ಊರಿಗ್ ಸಾರೋ ಮನ್ಸ."

ಮೂರನೆಯ ಬಣವೆಯ ಬದಿಗೆ ಕಿಡಿ ಬಿತ್ತು.

"ಗುಂಡಣ್ಣ" ಎಂದ ಪಟೇಲ, ಹಲ್ಲು ಕೀಳಿಸಿಕೊಂಡವನ ಹಾಗೆ.

ಗುಂಡಣ್ಣ ಬಡಿದ. ಅವನು ಮದುವೆಗೆ ಬಡಿದಿದ್ದ, ಹೆಣಕ್ಕೆ ಬಡಿದಿದ್ದ, ಹೀಗೆ ಎಂದೂ ಬಡಿದಿರಲಿಲ್ಲ. "ಕೇಳ್ರಪ್ಪೋ ಕೇಳಿ! ಪಟೇಲ ಚಿಕ್ಕಬೈರಪ್ನೋರ ಅಪ್ಣೆ! ಇವತ್ತಿಂದ ಊರ ಬಾವೀಲಿ ಕೇರಿಯೋರೂ ನೀರು ಸೇದ್ಬೋದು! ಕೇಳ್ರಪ್ಪೋ ಕೇಳಿ!"

ಕೇರಿ ಎದ್ದಿತು. ಓಡಿತು. ಸುಣ್ಣದ ಗೆರೆಯ ಮೇಲೆ ಐವತ್ತು ಜೊತೆ ಬರಿಗಾಲು ಓಡಿ, ಗೆರೆ ಎಲ್ಲಿತ್ತೆಂದು ಆಮೇಲೆ ಯಾರಿಗೂ ಹೇಳಲಾಗಲಿಲ್ಲ. ಮುನಿಲಕ್ಷ್ಮಮ್ಮ ಹಗ್ಗ ಹಿಡಿದಳು. ರಾಟೆ ಕಿರುಗುಟ್ಟಿತು. ಜಲ್ಲಿ ಒಡೆದ ತೋಳು ಅದು. ಊರ ಹೆಂಗಸರು ಒಂದು ಬಿಂದಿಗೆ ಎಳೆಯುವಷ್ಟರಲ್ಲಿ ಅವಳು ಮೂರು ಎಳೆದಳು. ತುಂಬಿದ್ದು ಹೋಯಿತು, ಖಾಲಿಯಾದದ್ದು ಬಂತು, ಮತ್ತೆ ತುಂಬಿತು. ಕಿಡಿ ಹಾರುತ್ತಿದ್ದ ಪಟೇಲರ ಮನೆಯ ಸೂರೂ ನೆನೆಯಿತು. ಬೈರಣ್ಣನ ಕೈಯಿಂದ ಯಾರ ಕೈಗೆ ಹೋಯಿತೋ, ಬೈರಣ್ಣನೂ ನೋಡಲಿಲ್ಲ.

ಎರಡು ಬಣವೆ ಉಳಿದವು. ಊರು ಉಳಿಯಿತು.

ಎಲ್ಲ ಮುಗಿದು, ಹೊಗೆ ಬರಿ ಎಳೆಯಾಗಿ ಏಳುತ್ತಿದ್ದಾಗ ಗಣಗಣ ಗಂಟೆ ಬಾರಿಸಿಕೊಂಡು ಬೆಂಕಿ ಬಂಡಿ ಬಂತು. ಪಾಪ, ಅವರದೇನೂ ತಪ್ಪಿರಲಿಲ್ಲ. ಗಾಡಿಜಾಡಿನಲ್ಲಿ ಎರಡು ಸಲ ಹೂತುಕೊಂಡಿತ್ತು. ಡ್ರೈವರ್ ಇಳಿದ. ಧೂಳಿಗೆ ಕೆಂಪಾದ ಮೀಸೆ, ಕೆಂಪು ಕಣ್ಣು. "ಬೆಂಕಿ ಎಲ್ಲಿ?" ಎಂದು ಕೇಳಿ, ಆರಿದೆ ಎಂದು ತಿಳಿದು, "ಅಮ್ಮಾ, ಇಂಜಿನ್ ಕಾದೋಗಿದೆ, ಒಂದು ಬಿಂದಿಗೆ ನೀರು ಕೊಡಿ" ಎಂದು ಹಗ್ಗ ಹಿಡಿದಿದ್ದವಳ ಹತ್ತಿರ ಬಂದ. ಮುನಿಲಕ್ಷ್ಮಮ್ಮ ಕೊಟ್ಟಳು. ಇಂಜಿನ್ನಿಗೆ ಹೊಯ್ದು ಮಿಕ್ಕದ್ದನ್ನು ಅವನು ಅವಳ ಕೈಯಿಂದಲೇ ಹೊಯ್ಯಿಸಿಕೊಂಡು, ಬೊಗಸೆಯೊಡ್ಡಿ ಗಟಗಟ ಕುಡಿದ. ಊರು ಉಸಿರು ಬಿಗಿಹಿಡಿದು ನೋಡಿತು. ಡ್ರೈವರ್ ಸಾಯಲಿಲ್ಲ. ತೇಗಿದ.

*

ಮಾರನೆಯ ದಿನ ಬೆಳಗ್ಗೆ ಕೇರಿಯ ಹೆಂಗಸರು ಮಡಕೆ ಹಿಡಿದು ಬರುವ ಹೊತ್ತಿಗೆ ಬಾವಿಕಟ್ಟೆಯ ಮೇಲೆ ಪಟೇಲ, ಅಕ್ಕಯಮ್ಮ, ಗುಡಿಯ ಪೂಜಾರಿ ಮೂವರೂ ನಿಂತಿದ್ದರು. ಪೂಜಾರಿಯ ಕೈಯಲ್ಲಿ ಬಾವಿ ಶುದ್ಧಿಗೆ ಗಂಜಳದ ಚೆಂಬು. ಪಕ್ಕದಲ್ಲಿ ವರದಿ ಬರೆಯಲು ಬಂದ ಶೇಕ್ದಾರ. ವರದಿಯಲ್ಲಿ ಅವನು ಆಗಲೇ 'ಗ್ರಾಮಸ್ಥರೆಲ್ಲ ಯಾವ ಭೇದವೂ ಇಲ್ಲದೆ ಒಂದೇ ಬಾವಿಯಿಂದ' ಎಂದು ಬರೆದು ಒಣಗಿಸಿಯೂ ಆಗಿತ್ತು.

ಪಟೇಲ ಗುಂಡಣ್ಣನನ್ನು ಕರೆದ. ಹೆಸರಿನ ಬಾಲ ರಾತ್ರಿಯೇ ಉದುರಿತ್ತು.

"ಲೋ ಗುಂಡ, ತಮಟೆ ತಕ್ಕೊ. ಬೆಂಕಿ ಭಯದಲ್ಲಿ ಆಡಿದ್ ಮಾತು ನಡಿಯಲ್ಲ ಅಂತ ಸಾರು. ಬಾವಿ ಮುಂಚಿನ್ ಹಂಗೆ."

ಗುಂಡಣ್ಣ ತಮಟೆ ತಂದ. ಒಂದೇಟು ಹಾಕಿದ. ಒದ್ದೆ ಗೋಣಿಯ ಮೇಲೆ ಹೊಡೆದಂತೆ 'ದೊಪ್' ಎಂದಿತು.

"ನಿನ್ನೆ ನೀರ್ ಎರ್ಚೋವಾಗ ನೆಂದೋಗೈತೆ ಬುದ್ಧಿ. ಸೊಲ್ಲೇ ಏಳಲ್ಲ."

"ಕಾಯ್ಸೋ ಮತ್ತೆ!"

"ಕಾಯ್ಸಾಕೆ ಬೆಂಕಿ ಬೇಕಲ್ಲ ಬುದ್ಧಿ."

ಆಗ ಮುನಿಲಕ್ಷ್ಮಮ್ಮ ಸೊಂಟದಲ್ಲಿ ಎಲೆಅಡಕೆ ಸಿಕ್ಕಿಸುವ ಸೆರಗಿನ ಗಂಟಿನಿಂದ ಒಂದು ಬೆಂಕಿಪೊಟ್ಟಣ ತೆಗೆದಳು.

"ಹಚ್ಚಾನ ಬುದ್ಧಿ. ಅಲ್ಲ, ನೀವೇಳೋದೂ ಸರಿನೇ. ಎಲ್ಲಾನೂ ಮುಂಚಿನ್ ಹಂಗೆ ಮಾಡ್ಬುಡಾನ. ಬಾವಿ ಒಂದೇ ಯಾಕೆ? ನಿಮ್ ಬಣವೆ ಮ್ಯಾಲೆ ಬಿದ್ದಿದ್ದೂ ನಾ ಸೇದಿದ್ ನೀರೇ. ಆ ಹುಲ್ಲು ಎಸೀಬೇಕು. ಬೆಳಿಗ್ಗೆ ಆ ಹುಲ್ಲು ತಿಂದ ಹಸಿನ ಹಾಲು ಚೆಲ್ಬೇಕು. ರಾಗಿ ತೆನೆಗೂ ಬಿದ್ದದೆ, ಈ ವರ್ಷ ನೀವು ಮುದ್ದೆ ಉಣ್ಣಂಗಿಲ್ಲ. ಅವ್ವಾರ ಮನೆ ಸೂರು ನೆಂದಿದ್ದೂ ನಮ್ ಕೈಲೇ, ಒಳೀಕ್ ಓಗಂಗಿಲ್ಲ."

"ಸಾಕ್ ಸುಮ್ನಿರೆ" ಎಂದಳು ಅಕ್ಕಯಮ್ಮ. ಅವಳ ಸ್ವರದಲ್ಲಿ ಮುದ್ದೆಯ ಚಿಂತೆ ಆಗಲೇ ಸೇರಿತ್ತು.

"ಇನ್ನೊಂದೈತೆ ಅವ್ವಾರೆ. ಆ ಬೆಂಕಿ. ಅದು ಆರಿದ್ದೂ ನಾವ್ ಮುಟ್ಟಿದ್ ನೀರಿಂದ್ಲೇ. ಅದೂ ಮೈಲಿಗೆ ಆಗೋಯ್ತು." ಅವಳು ಕಡ್ಡಿ ಗೀರಿದಳು. ಬಿಸಿಲಿನಲ್ಲಿ ಜ್ವಾಲೆ ಕಾಣಿಸಲೇ ಇಲ್ಲ, ಕಡ್ಡಿ ಕಪ್ಪಾಗುವುದು ಮಾತ್ರ ಕಂಡಿತು. "ತಿರ್ಗಾ ಹಚ್ಚಿಕೊಡ್ತೀನಿ, ಎಲ್ಲಿತ್ತೋ ಅಲ್ಲಿಂದ್ಲೇ. ಗುಂಡಣ್ಣ ತಮಟೆನೂ ಕಾಯಿಸ್ಕೊತಾನೆ. ನೀವು ಮಡಿ ಉಟ್ಕೊಂಡು, ನಿಮ್ ಬಿಂದ್ಗೇಲಿ, ನಿಮ್ ಕೈಯ್ಯಾರೆ ಆರಿಸ್ಕೊಳಿ. ನಾವು ಆ ಚಪ್ಪಡಿ ಮ್ಯಾಲೆ ಕುಂತು ನೋಡ್ತೀವಿ. ಬಾಯಾರಿದ್ರೆ ಹೇಳಿ."

ಶೇಕ್ದಾರ ಕೆಮ್ಮಿದ. "ಪಟೇಲ್ರೆ, ನಾನು ಬರೆದಾಗಿದೆ. ಇಂಕಿನಲ್ಲಿ."

ಕಡ್ಡಿ ಅವಳ ಬೆರಳಿನವರೆಗೂ ಉರಿದು ಆರಿತು. ಅವಳ ಬೆರಳಿಗೆ ಅದು ಏನೂ ಅಲ್ಲ. ಪಟೇಲ ಕಟ್ಟೆ ಇಳಿದ. ಪೂಜಾರಿ ಚೆಂಬನ್ನು ಮುಂದೆ ಚಾಚಿದ, ಹಿಂದೆ ಎಳೆದ, ಕೊನೆಗೆ ತುಳಸಿಗಿಡಕ್ಕೆ ಹೊಯ್ದು ಹೋದ. ಕೇರಿಯ ಹೆಂಗಸರು ಒಬ್ಬೊಬ್ಬರಾಗಿ ಮಡಕೆ ತುಂಬಿಕೊಂಡರು. ಒಬ್ಬಳು ಸೇದುತ್ತ ಅತ್ತಳು. "ನೀರಿಗ್ ಉಪ್ಪಾಯ್ತದೆ ಕಣೆ" ಎಂದಳು ಮುನಿಲಕ್ಷ್ಮಮ್ಮ.

ಊರು ಅಷ್ಟು ಸುಲಭಕ್ಕೆ ಸೋಲಲಿಲ್ಲ. ಬಾವಿ ಬಿಟ್ಟಿತು. ಊರ ಹೆಂಗಸರು ಅರ್ಧ ಮೈಲಿ ನಡೆದು ಪಟೇಲರ ತೋಟದ ಬಾವಿಯಿಂದ ನೀರು ಹೊರತೊಡಗಿದರು. ಅಲ್ಲಿ ರಾಟೆಯಿಲ್ಲ. ಎತ್ತು ಕಟ್ಟಿ ಕಪಿಲೆ ಹೊಡೆಯಬೇಕು, ಚರ್ಮದ ಬಾನಿ ಮೇಲೆ ಬಂದು ತೊಟ್ಟಿಗೆ ಸುರಿದದ್ದನ್ನು ತುಂಬಿಕೊಳ್ಳಬೇಕು. ಹದಿಮೂರು ದಿನ ಹೀಗೆ ಮಡಿಯಾಗಿ ನಡೆಯಿತು. ಹದಿನಾಲ್ಕನೆಯ ದಿನ ಬಾನಿ ಹರಿಯಿತು.

ಪಟೇಲರ ಆಳು ಗುಂಡಣ್ಣನ ಗುಡಿಸಲ ಮುಂದೆ ನಿಂತ.

"ಬಾನಿ ಹೊಲಿಬೇಕಂತೆ. ಗೌಡ್ರು ಈಗ್ಲೇ ಬಾ ಅಂದ್ರು."

ಒಳಗಿನಿಂದ ಮುನಿಲಕ್ಷ್ಮಮ್ಮನ ದನಿ ಬಂತು. "ಕುಡಿಯೋ ನೀರಿನ್ ಬಾನಿನಾ? ಅಯ್ಯಯ್ಯೋ! ಅದನ್ನ ಮಾದಿಗ್ರು ಮುಟ್ಟಬೋದಾ? ಬ್ಯಾಡಪ್ಪ, ನಮ್ಗ್ ಪಾಪ ಬತ್ತದೆ. ಗೌಡ್ರೇ ಹೊಲ್ಕೊಳ್ಳಿ. ಸೂಜಿ ಬೇಕಾದ್ರೆ ಕೊಡ್ತೀನಿ, ತೊಳ್ಕೊಂಡು ತಕ್ಕೊ."

ಆಳಿಗೂ ನಗು ತಡೆಯಲಾಗಲಿಲ್ಲ. ಅವನು ನಕ್ಕದ್ದು ಊರಿಗೆ ಮುಟ್ಟಿತು, ಅವಳಾಡಿದ್ದಕ್ಕಿಂತ ಮೊದಲು. ಹದಿಮೂರು ದಿನ ತಾವು ಕುಡಿದದ್ದು ಯಾರು ಹದ ಮಾಡಿದ ಚರ್ಮದಲ್ಲಿ ಬಂದ ನೀರು ಎಂಬುದು ಆಗ ಊರಿಗೆ ಹೊಳೆಯಿತು. ಅದಕ್ಕೆ ಮೊದಲು ನೂರು ವರ್ಷ ಹೊಳೆದಿರಲಿಲ್ಲ.

ಮಾರನೆಯ ದಿನ ಬಿಸಿಲು ನೆತ್ತಿಗೇರಿದ ಹೊತ್ತು. ಮುನಿಲಕ್ಷ್ಮಮ್ಮ ಬಾವಿಯಲ್ಲಿ ಸೇದುತ್ತಿದ್ದಳು. ಬೆನ್ನ ಹಿಂದೆ ಯಾರೋ ನಿಂತಂತಾಯಿತು. ತಿರುಗಿ ನೋಡಿದಳು. ಅಕ್ಕಯಮ್ಮ. ಕಂಕುಳಲ್ಲಿ ತಾಮ್ರದ ಬಿಂದಿಗೆ. ತುಟಿ ಒಣಗಿ ಬಿರುಕು ಬಿಟ್ಟಿತ್ತು. ಬಾವಿಗೆ ಇದ್ದದ್ದು ಒಂದೇ ಹಗ್ಗ. ಅದು ಮುನಿಲಕ್ಷ್ಮಮ್ಮನ ಕೈಯಲ್ಲಿತ್ತು. ಅಕ್ಕಯಮ್ಮನಿಗೆ ಎಲ್ಲಿ ನಿಲ್ಲಬೇಕೆಂದು ತಿಳಿಯಲಿಲ್ಲ. ತಿಳಿಯದೆ ನಿಂತ ಜಾಗ ಆ ಚಪ್ಪಡಿ.

ಕಾಯಿಸಬಹುದಿತ್ತು. ಬಿಸಿಲು ಇದ್ದೇ ಇತ್ತು. ಮುನಿಲಕ್ಷ್ಮಮ್ಮ ಒಂದು ಗಳಿಗೆ ಕಾಯಿಸಿದಳು ಕೂಡ. ಹಗ್ಗವನ್ನು ಬೇಕೆಂದೇ ನಿಧಾನವಾಗಿ ಸುರುಳಿ ಸುತ್ತಿದಳು. ಆಮೇಲೆ ತುಂಬಿದ ಮಡಕೆಯನ್ನು ಸೊಂಟಕ್ಕಿಟ್ಟುಕೊಂಡು ಚಪ್ಪಡಿಯ ಹತ್ತಿರ ಬಂದಳು.

"ಇಳ್ಸಿ ಅವ್ವಾರೆ, ಬಿಂದ್ಗೆ ಕೆಳೀಕ್ ಇಳ್ಸಿ" ಎಂದಳು. "ನಾ ಮ್ಯಾಲಿಂದ ಹೊಯ್ಯಲ್ಲ. ಚೆಲ್ಲೋಯ್ತದೆ."

ಅಕ್ಕಯಮ್ಮ ಅವಳ ಮುಖ ನೋಡಿದಳು. ಮಡಕೆ ನೋಡಿದಳು. ಊರ ಕಡೆ ತಿರುಗಿ, ಯಾರಾದರೂ ಕಾಣುತ್ತಾರಾ ಎಂದು ನೋಡಿದಳು. ಆಮೇಲೆ ಬಗ್ಗಿ ಬಿಂದಿಗೆ ಇಳಿಸಿದಳು.

ಮುನಿಲಕ್ಷ್ಮಮ್ಮ ಮಡಕೆಯ ಬಾಯಿಯನ್ನು ತಾಮ್ರದ ಬಾಯಿಗೆ ತಗುಲಿಸಿ, ತಗುಲಿದ್ದು ಕೇಳಿಸುವಂತೆ ತಗುಲಿಸಿ, ಹೊಯ್ದಳು. ಒಂದು ಹನಿ ಆಚೆ ಬೀಳಲಿಲ್ಲ.